ಸ್ಕ್ಯಾನಿಂಗ್‌ನಲ್ಲಿ ಬಳ್ಳಿ ಸುತ್ತಿದೆ ಅಂದರು, ಇನ್ನು ಆಪರೇಷನ್ನೇ ಗತಿನಾ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 26 ವರ್ಷ, ಚೊಚ್ಚಲ ಬಸುರಿ, ಈಗ 35 ವಾರ. ಬೆಂಗಳೂರಿನಲ್ಲಿ ಇದ್ದೆವು, ಸೀಮಂತ ಮುಗಿಸಿಕೊಂಡು ಪಾವಗಡ ತಾಲ್ಲೂಕಿನ ತವರಿಗೆ ಬಂದಿದ್ದೇನೆ. ಬಿ.ಪಿ., ಶುಗರ್ ಏನೂ ಇಲ್ಲ. ರಕ್ತ 10.8 ಇದೆ. ಹೋದ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ತಲೆ ಕೆಳಗಿದೆ, ಕುತ್ತಿಗೆಗೆ ಹೊಕ್ಕುಳಬಳ್ಳಿ ಒಂದು ಸುತ್ತು ಇದೆ ಅಂತ ಬರೆದಿದ್ದಾರೆ. ಪಕ್ಕದ ಮನೆಯವರು ಆಪರೇಷನ್ ಗ್ಯಾರಂಟಿ ಅಂದರು. ಅಜ್ಜಿ "ನಾನು ಏಳು ಹೆತ್ತಿದ್ದು ಮನೆಯಲ್ಲೇ" ಅಂತಾರೆ. ಅತ್ತೆ ಬಳ್ಳಾರಿ ಸುದ್ದಿ ನೋಡಿದ ಮೇಲೆ ಸರ್ಕಾರಿ ಆಸ್ಪತ್ರೆ ಬೇಡವೇ ಬೇಡ ಅಂತಾರೆ. ನಮ್ಮ ದೊಡ್ಡಪ್ಪನ ಮಗಳಿಗೆ ಲೇಬರ್ ವಾರ್ಡಿನಲ್ಲಿ ಕೂಗಿಕೊಂಡಿದ್ದಕ್ಕೆ ತೊಡೆಗೆ ಹೊಡೆದರಂತೆ, ಹೇಳದೆ ಕೇಳದೆ ಕೊಯ್ದು ಹೊಲಿಗೆ ಹಾಕಿದರಂತೆ. ಅದನ್ನು ಕೇಳಿದಾಗಿನಿಂದ ನಿದ್ದೆ ಬರುತ್ತಿಲ್ಲ. ಒಳಗೆ ನಿಜವಾಗಿ ಏನು ಮಾಡುತ್ತಾರೆ? ಬೆನ್ನಿಗೆ ಇಂಜೆಕ್ಷನ್ ತಗೊಂಡರೆ ಜೀವನಪೂರ್ತಿ ಬೆನ್ನುನೋವು ಅಂತೆ, ಹೌದಾ? ನಮ್ಮ ಮನೆಯವರು ಜೊತೆಯಲ್ಲಿ ಇರಬಹುದಾ?

ಉತ್ತರ: ಬಳ್ಳಿಯ ವಿಷಯ ಮೊದಲು ಮುಗಿಸೋಣ, ಯಾಕೆಂದರೆ ಅದು ತಲೆಯಲ್ಲಿ ಕೂತಿರುವಷ್ಟು ಹೊತ್ತು ಬೇರೆ ಏನು ಹೇಳಿದರೂ ನಿಮಗೆ ಕೇಳಿಸುವುದಿಲ್ಲ. ಕುತ್ತಿಗೆಗೆ ಬಳ್ಳಿ ಒಂದು ಸುತ್ತು ಇದೆ ಅನ್ನುವುದೊಂದೇ ಕಾರಣಕ್ಕೆ ಆಪರೇಷನ್ ಬೇಕಾಗಿಲ್ಲ. ಹುಟ್ಟುವ ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಹೀಗೆ ಸುತ್ತಿರುತ್ತದೆ. ಮಗು ಹೊಟ್ಟೆಯಲ್ಲಿ ತಿರುಗಾಡುತ್ತಿರುತ್ತದೆ, ಇವತ್ತು ಸುತ್ತಿದ್ದು ಮುಂದಿನ ವಾರ ಬಿಚ್ಚಿಕೊಂಡಿರಬಹುದು. ನಾವು ಕುತ್ತಿಗೆ ಬಿಗಿದರೆ ಸಾಯುತ್ತೇವೆ, ಯಾಕೆಂದರೆ ನಮ್ಮ ಉಸಿರು ಗಂಟಲಿನಲ್ಲಿ ಹೋಗುತ್ತದೆ. ಹೊಟ್ಟೆಯೊಳಗಿನ ಮಗು ಗಂಟಲಿನಿಂದ ಉಸಿರಾಡುವುದೇ ಇಲ್ಲ ಅಲ್ವಾ? ಅದಕ್ಕೆ ಆಮ್ಲಜನಕ ಬರುವುದು ಬಳ್ಳಿಯಲ್ಲೇ. ಆ ಬಳ್ಳಿಯೊಳಗಿನ ರಕ್ತನಾಳಗಳ ಸುತ್ತ ಜಾರುವ ಲೋಳೆಯಂಥ ಪದಾರ್ಥ ತುಂಬಿರುತ್ತದೆ, ಸುಲಭಕ್ಕೆ ಅದುಮಿಕೊಳ್ಳದ ಹಾಗೆ. ಹೆರಿಗೆಯಲ್ಲಿ ತಲೆ ಬಂದ ಮೇಲೆ ಬೆರಳು ಹಾಕಿ ಬಳ್ಳಿಯನ್ನು ತಲೆಯ ಮೇಲಿಂದ ಜಾರಿಸಿ ತೆಗೆಯುತ್ತೇವೆ, ಕೆಲವು ಕ್ಷಣದ ಕೆಲಸ. ಎಲ್ಲೋ ಕೆಲವರಲ್ಲಿ ನೋವು ಬಂದಾಗ ಬಳ್ಳಿ ಬಿಗಿಯಾಗಿ ಮಗುವಿನ ಎದೆಬಡಿತ ಇಳಿಯುತ್ತದೆ, ಆಗ ಬಡಿತವನ್ನು ನೋಡಿ ತೀರ್ಮಾನ ಮಾಡುತ್ತೇವೆ. ಸ್ಕ್ಯಾನಿಂಗ್ ಚೀಟಿ ಹಿಡಿದುಕೊಂಡು ಮೊದಲೇ ಮಾಡುವ ತೀರ್ಮಾನ ಅದಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬಳ್ಳಿಗಿಂತ ಆ 10.8. ಬಸುರಿಯರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ನಿಮ್ಮದು ಸ್ವಲ್ಪ ಮಾತ್ರ ಕಡಿಮೆ, ಗಾಬರಿ ಬೇಡ. ಆದರೆ ಹೆರಿಗೆಯಲ್ಲಿ ಎಲ್ಲರಿಗೂ ಒಂದಷ್ಟು ರಕ್ತ ಹೋಗುತ್ತದೆ, ಕೈಯಲ್ಲಿ ಜಾಸ್ತಿ ಇದ್ದವರು ತಡೆದುಕೊಳ್ಳುತ್ತಾರೆ. ಇನ್ನೂ ನಾಲ್ಕೈದು ವಾರ ಇದೆ. ಕಬ್ಬಿಣದ ಮಾತ್ರೆ ಎಷ್ಟು ಅಂತ ಡಾಕ್ಟರ್ ಹತ್ತಿರ ಕೇಳಿ ತಪ್ಪದೆ ನುಂಗಿ, ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡರೆ ಚೆನ್ನಾಗಿ ಹಿಡಿಯುತ್ತದೆ, ಕಾಫಿ ಟೀ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಮಲ ಕಪ್ಪಗೆ ಹೋಗುತ್ತದೆ, ಅದು ಸಹಜ.

ಈಗ ಆಪರೇಷನ್. "ದುಡ್ಡಿಗೋಸ್ಕರ ಎಲ್ಲರಿಗೂ ಕೊಯ್ಯುತ್ತಾರೆ" ಅನ್ನುವ ಮಾತು ಊರೂರಲ್ಲಿದೆ, ಅದಕ್ಕೆ ಆಧಾರವೇ ಇಲ್ಲ ಅಂತ ನಾನು ಹೇಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು 47 ಹೆರಿಗೆ ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 14. ಎರಡೂ ಕಡೆ ಬರುವ ಹೆಂಗಸರ ದೇಹ ಅಷ್ಟೊಂದು ಬೇರೆ ಇರಲು ಸಾಧ್ಯವಿಲ್ಲ. ದುಡ್ಡು ಒಂದು ಕಾರಣ. ಡಾಕ್ಟರ ಅವಸರ ಇನ್ನೊಂದು, ಕೇಸು ಗಲಾಟೆಯ ಭಯ ಮತ್ತೊಂದು. ಮನೆಯವರ ಒತ್ತಾಯವೂ ಇದೆ. "ಮಗಳ ನೋವು ನೋಡಕ್ಕಾಗಲ್ಲ, ಕೊಯ್ದುಬಿಡಿ ಮೇಡಂ" ಅಂತ ಬಾಗಿಲಲ್ಲಿ ಕೈಮುಗಿದು ನಿಂತ ಅಮ್ಮಂದಿರನ್ನು ನಾನು ತಾಲ್ಲೂಕು ಆಸ್ಪತ್ರೆಯಲ್ಲೂ ನೋಡಿದ್ದೇನೆ, ಈಗ ಖಾಸಗಿಯಲ್ಲೂ ನೋಡುತ್ತಿದ್ದೇನೆ. ಒಳ್ಳೆ ಮುಹೂರ್ತ ಅಂತ ದಿನ ಗೊತ್ತುಮಾಡಿಕೊಂಡು ಬರುವವರೂ ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಕಾರಣವಿಲ್ಲದೆ 39 ವಾರ ತುಂಬುವ ಮೊದಲೇ ಆಪರೇಷನ್ ಮಾಡಿ ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಜಾಸ್ತಿ. ಒಳ್ಳೆ ಗಳಿಗೆಯಲ್ಲಿ ಹುಟ್ಟಿದ ಮಗು ಗಾಜಿನ ಪೆಟ್ಟಿಗೆಯಲ್ಲಿ ಮಲಗಬೇಕಾಗುತ್ತದೆ.

ಹಾಗಂತ ಬೇಕಾದಾಗ ಬೇಡ ಅನ್ನುವುದೂ ಅಷ್ಟೇ ಅಪಾಯ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ, ಮಗು ಅಡ್ಡ ಇದ್ದರೆ, ಎದೆಬಡಿತ ಇಳಿದು ಮೇಲೆ ಬರದಿದ್ದರೆ, ನೀರು ಒಡೆದು ಬಳ್ಳಿ ಮಗುವಿಗಿಂತ ಮೊದಲೇ ಕೆಳಗೆ ಜಾರಿದರೆ, ಒಳ್ಳೆ ನೋವು ಗಂಟೆಗಟ್ಟಲೆ ಇದ್ದೂ ಬಾಯಿ ತೆರೆಯದಿದ್ದರೆ, ಸಿಸೇರಿಯನ್ ಜೀವ ಉಳಿಸುತ್ತದೆ. ಡಾಕ್ಟರ್ ಬಂದು "ಮಾಡಬೇಕು" ಅಂದಾಗ ಮೂರು ಮಾತು ಕೇಳಿ. ಎಷ್ಟು ಅವಸರ ಇದೆ? ಯಾಕೆ ಮಾಡಬೇಕು, ಮಗುವಿನ ತೊಂದರೆಯಾ ನನ್ನದಾ? ಇನ್ನೊಂದೆರಡು ಗಂಟೆ ಕಾದರೆ ಏನಾಗಬಹುದು? ನಿಜವಾಗಿ ತುರ್ತು ಇದ್ದರೆ ಒಂದೇ ವಾಕ್ಯದಲ್ಲಿ ಉತ್ತರ ಬರುತ್ತದೆ, ಆಗ ಊರಿನಿಂದ ಮಾವ ಬರಲಿ ಅಂತ ಕಾಯಬೇಡಿ, ಸಹಿ ಹಾಕಿ. ಸಹಿ ನಿಮ್ಮದೇ ಸಾಕು, ನೀವು ವಯಸ್ಕರು, ದೇಹ ನಿಮ್ಮದು. ಆಸ್ಪತ್ರೆಯವರು ಗಂಡನ ಸಹಿಯನ್ನೂ ಕೇಳುತ್ತಾರೆ, ಅದು ರೂಢಿ. ಸಿಸೇರಿಯನ್‌ನಲ್ಲಿ ರಕ್ತ ಜಾಸ್ತಿ ಹೋಗುತ್ತದೆ, ಗಾಯ ಕೀವಾಗಬಹುದು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮುಂದಿನ ಬಸುರಿನಲ್ಲಿ ಹಳೆ ಹೊಲಿಗೆಯ ಜಾಗಕ್ಕೆ ಮಾಸು ಅಂಟಿಕೊಳ್ಳುವ ಅಪಾಯ ಪ್ರತಿ ಆಪರೇಷನ್ನಿಗೂ ಏರುತ್ತದೆ. ಇದನ್ನು ನಮ್ಮವರು ಯಾರೂ ಬಿಡಿಸಿ ಹೇಳುವುದಿಲ್ಲ, ಮೊದಲ ಹೆರಿಗೆಯಲ್ಲೇ ಹೇಳಬೇಕಾದ ಮಾತು ಇದು.

ಅಜ್ಜಿಯ ಮಾತು ತಳ್ಳಿಹಾಕಬೇಡಿ, ಆದರೆ ಮನೆಯಲ್ಲಿ ಹೆರಬೇಡಿ. ನಿಮ್ಮದೇ ಪಾವಗಡದ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿದವರು, ಅದಕ್ಕಾಗಿ 2018ರಲ್ಲಿ ಪದ್ಮಶ್ರೀ ಬಂತು. ಅಂಥವರು ಬಸುರಿಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ, ಓಡಾಡಿಸುತ್ತಿದ್ದರು, ಗಂಜಿ ಕುಡಿಸುತ್ತಿದ್ದರು, ಸೊಂಟ ನೀವುತ್ತಿದ್ದರು. ಅದೆಲ್ಲ ಸರಿಯಾಗೇ ಇತ್ತು, ಈಗ ಪುಸ್ತಕದಲ್ಲೂ ಅದೇ ಬರೆದಿದೆ. ಮನೆಯಲ್ಲಿ ಇಲ್ಲದ್ದು ರಕ್ತ, ಆಪರೇಷನ್ ಥಿಯೇಟರ್, ಅಳದ ಮಗುವಿಗೆ ಉಸಿರು ಕೊಡುವ ಬಲೂನು. ಹೆರಿಗೆಯಾದ ಮೇಲೆ ರಕ್ತ ಸುರಿಯಲು ಶುರುವಾದರೆ ಕೈಯಲ್ಲಿ ಇರುವುದು ತುಂಬಾ ಕಡಿಮೆ ಸಮಯ.

ಬಳ್ಳಾರಿ ವಿಷಯದಲ್ಲಿ ಅತ್ತೆಯ ಭಯ ನ್ಯಾಯವಾದದ್ದು. 2024ರ ನವೆಂಬರ್‌ನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು, ಡ್ರಿಪ್‌ನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿತು. ಆ ಸಾವುಗಳು ಆಗಬಾರದಿತ್ತು, ಈ ಕೆಲಸ ಮಾಡುವ ನಮ್ಮಂಥವರಿಗೆ ಆ ಸುದ್ದಿ ಈಗಲೂ ಹೊಟ್ಟೆ ಉರಿಸುತ್ತದೆ. ಆದರೆ ಅದರಿಂದ "ಖಾಸಗಿ ಅಂದರೆ ಸೇಫ್" ಅನ್ನುವ ತೀರ್ಮಾನಕ್ಕೆ ಬರಬೇಡಿ. ಎರಡು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಎಸಿ ರೂಮ್ ಇರುತ್ತದೆ, ರಾತ್ರಿ ಎರಡು ಗಂಟೆಗೆ ಅರಿವಳಿಕೆ ಡಾಕ್ಟರ್ ಇರುವುದಿಲ್ಲ. ಆಸ್ಪತ್ರೆ ಸರ್ಕಾರಿಯೋ ಖಾಸಗಿಯೋ ಅನ್ನುವುದಕ್ಕಿಂತ ನಾನು ಹೇಳುವ ಇವನ್ನು ಮುಂದಿನ ಚೆಕಪ್‌ಗೆ ಹೋದಾಗಲೇ ಕೇಳಿಕೊಂಡು ಬನ್ನಿ: ರಾತ್ರಿ ಮತ್ತು ಭಾನುವಾರ ಆಪರೇಷನ್ ಆಗುತ್ತದಾ, ನನ್ನ ಗುಂಪಿನ ರಕ್ತ ಇಲ್ಲೇ ಸಿಗುತ್ತದಾ ಅಥವಾ ಎಲ್ಲಿಂದ ತರಬೇಕು, ಮಕ್ಕಳ ಡಾಕ್ಟರ್ ಬರುತ್ತಾರಾ, ಕೈಮೀರಿದರೆ ಎಲ್ಲಿಗೆ ಕಳಿಸುತ್ತೀರಿ. ಪಾವಗಡದಿಂದ ತುಮಕೂರು ಹತ್ತಿರವೇನಲ್ಲ. "ಇಲ್ಲಿ ಆಗಲ್ಲ" ಅನ್ನುವ ಮಾತು ನೋವಿನ ಮಧ್ಯೆ ಕೇಳುವುದಕ್ಕಿಂತ ಈಗಲೇ ಕೇಳಿಸಿಕೊಳ್ಳುವುದು ಒಳ್ಳೆಯದು. ನಿಮ್ಮಂತೆ ತೊಂದರೆ ಇಲ್ಲದ ಬಸುರಿಗೆ ಇವೆಲ್ಲ ಇರುವ ತಾಲ್ಲೂಕು ಆಸ್ಪತ್ರೆ ಧಾರಾಳ ಸಾಕು. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಮನೆಗೆ ಬಿಡುವ ಗಾಡಿ ಎಲ್ಲ ಉಚಿತ. ಮಗು ಗಂಡಾದರೆ ಇಷ್ಟು ಕೊಡಿ ಅಂತ ಯಾರಾದರೂ ಕೈಚಾಚಿದರೆ ಕೊಡಬೇಕಾಗಿಲ್ಲ, ಆಡಳಿತ ವೈದ್ಯಾಧಿಕಾರಿಗೆ ದೂರು ಕೊಡಿ.

ಯಾವಾಗ ಹೊರಡಬೇಕು? ಕೊನೆ ವಾರಗಳಲ್ಲಿ ಸುಳ್ಳು ನೋವು ಬರುತ್ತದೆ, ಮಲಗಿದರೆ, ನೀರು ಕುಡಿದರೆ ಹೋಗುತ್ತದೆ. ನಿಜವಾದ ನೋವು ಹೋಗುವುದಿಲ್ಲ. ಸೊಂಟದಿಂದ ಹೊಟ್ಟೆಗೆ ಬರುತ್ತದೆ, ಹತ್ತಿರ ಹತ್ತಿರವಾಗುತ್ತದೆ, ಬಂದಾಗ ಮಾತು ನಿಲ್ಲಿಸಬೇಕಾಗುತ್ತದೆ. ಆಸ್ಪತ್ರೆ ಪಕ್ಕದಲ್ಲೇ ಇದ್ದವರಿಗೆ ಐದೈದು ನಿಮಿಷಕ್ಕೊಮ್ಮೆ ಒಂದು ಗಂಟೆ ಬರಲಿ ಅನ್ನುತ್ತೇವೆ. ಹಳ್ಳಿಯಿಂದ ಬರುವ ನೀವು ಹತ್ತು ನಿಮಿಷಕ್ಕೊಮ್ಮೆ ಬರುತ್ತಿದೆ ಅನ್ನುವಾಗಲೇ 108ಕ್ಕೆ ಫೋನ್ ಮಾಡಿ. ರಕ್ತದ ಎಳೆಯಿರುವ ಲೋಳೆ ಹೋದರೆ ಅವಸರವಿಲ್ಲ. ನೀರು ಹೋದರೆ, ಅದು ಹಸಿರಾಗಿದ್ದರಂತೂ, ನೋವಿಲ್ಲದಿದ್ದರೂ ಹೊರಡಿ. ಮುಟ್ಟಿನ ಹಾಗೆ ಕೆಂಪು ರಕ್ತ ಹೋದರೆ, ತಲೆ ಸಿಡಿಯುವ ಹಾಗಿದ್ದು ಕಣ್ಣು ಮಂಜಾದರೆ, ಮಗುವಿನ ಒದೆತ ಕಡಿಮೆಯಾಯಿತು ಅನ್ನಿಸಿದರೆ ಅಮಾವಾಸ್ಯೆಯಾಗಲಿ ರಾಹುಕಾಲವಾಗಲಿ ನೋಡಬೇಡಿ. ಡೇಟ್ ದಾಟಿತು ಅಂತ ಅಂದೇ ಗಾಬರಿಯಾಗುವುದೂ ಬೇಡ. ಕೊಟ್ಟ ದಿನಕ್ಕೇ ಹುಟ್ಟುವ ಮಕ್ಕಳು ತೀರಾ ಕಡಿಮೆ. 41 ವಾರದ ಹೊತ್ತಿಗೂ ಬರದಿದ್ದರೆ ಔಷಧಿ ಇಟ್ಟು ನೋವು ಬರಿಸುವ ಮಾತು ಆಡುತ್ತೇವೆ.

ಇನ್ನು ಒಳಗೆ ಏನಾಗುತ್ತದೆ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ನೋಡುತ್ತಾರೆ, ಬಿ.ಪಿ., ಜ್ವರ, ನಾಡಿ ನೋಡುತ್ತಾರೆ, ಹೊಟ್ಟೆ ಮುಟ್ಟಿ ಮಗು ಹೇಗಿದೆ ಅಂತ ನೋಡಿ ಎದೆಬಡಿತ ಕೇಳುತ್ತಾರೆ. ಆಮೇಲೆ ಕೈಗವುಸು ಹಾಕಿ ಒಳಗೆ ಪರೀಕ್ಷೆ. ಇದಕ್ಕೇ ಎಲ್ಲರೂ ಹೆದರುವುದು. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ಎರಡು ಬೆರಳಿನಲ್ಲಿ ಅಂದಾಜು ಮಾಡುತ್ತೇವೆ, ಪೂರ್ತಿ ತೆರೆದರೆ 10 ಸೆಂಟಿಮೀಟರ್. ಉಸಿರು ನಿಧಾನಕ್ಕೆ ಬಿಟ್ಟು ತೊಡೆ ಸಡಿಲ ಬಿಟ್ಟರೆ ನೋವು ಕಡಿಮೆ, ಬಿಗಿ ಹಿಡಿದಷ್ಟೂ ಜಾಸ್ತಿ. ನಾಲ್ಕು ಗಂಟೆಗೊಮ್ಮೆ ನೋಡಿದರೆ ಸಾಕು. ಗಂಟೆಗೊಬ್ಬರು ಬಂದು ಕೈ ಹಾಕುತ್ತಿದ್ದರೆ "ಈಗ ತಾನೇ ನೋಡಿದರು, ಯಾಕೆ ಮತ್ತೆ?" ಅಂತ ಕೇಳಿ, ತಪ್ಪಿಲ್ಲ.

ಮೂರು ಸೆಂಟಿಮೀಟರ್ ಇದೆ, ಓಡಾಡಿಕೊಂಡಿರಿ ಅಂದರೆ ನಿರ್ಲಕ್ಷ್ಯ ಅಂದುಕೊಳ್ಳಬೇಡಿ. ಚೊಚ್ಚಲ ಹೆರಿಗೆಯಲ್ಲಿ ಈ ಮೊದಲ ಘಟ್ಟಕ್ಕೆ ಒಂದು ಹಗಲು ಒಂದು ರಾತ್ರಿ ಹಿಡಿಯಬಹುದು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 5 ಸೆಂಟಿಮೀಟರ್ ಆದ ಮೇಲೆಯೇ ಜೋರು ಹೆರಿಗೆ ಶುರು ಅಂತ ಲೆಕ್ಕ ಹಾಕಿ ಅಂದಿತು, ಅಲ್ಲಿಂದ ಮುಂದೆ ಚೊಚ್ಚಲಿನವರಿಗೆ 12 ಗಂಟೆ ತನಕವೂ ಹಿಡಿಯಬಹುದು ಅಂದಿತು. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಹಳೆ ಲೆಕ್ಕ ಹಿಡಿದುಕೊಂಡು ಅವಸರ ಮಾಡಿ, ಬೇಡದ ಡ್ರಿಪ್ ಹಾಕಿ, ಕೊನೆಗೆ "ಬಾಯಿ ತೆರೆಯಲಿಲ್ಲ" ಅಂತ ಕೊಯ್ದ ಹೆರಿಗೆಗಳು ಬೇಕಾದಷ್ಟಿವೆ. ತಾಯಿ ಮಗು ಚೆನ್ನಾಗಿದ್ದರೆ ಕಾಯುವುದೂ ಚಿಕಿತ್ಸೆಯೇ. ಆ ಹೊತ್ತಿನಲ್ಲಿ ಇಡ್ಲಿ, ಗಂಜಿ, ಎಳನೀರು ತಗೊಳ್ಳಬಹುದು. ಆಪರೇಷನ್ ಆಗಬಹುದು ಅನ್ನಿಸಿದಾಗ ಮಾತ್ರ ನಿಲ್ಲಿಸುತ್ತೇವೆ. ಬೋಳಿಸುವುದು, ಎನಿಮಾ ಕೊಡುವುದು ಎರಡೂ ಬೇಕಾಗಿಲ್ಲ.

ನೋವು ಜೋರಾದ ಮೇಲೆ ಸಿಸ್ಟರ್ ಬಂದು ಹೊಟ್ಟೆಯ ಮೇಲೆ ಕೈಯಿಟ್ಟು ಗಡಿಯಾರ ನೋಡುತ್ತಾ ಹತ್ತು ನಿಮಿಷ ಸುಮ್ನೆ ಕೂರುತ್ತಾರೆ. ಅವರು ಎಣಿಸುತ್ತಿರುವುದು ಎಷ್ಟು ಸಲ ಹೊಟ್ಟೆ ಗಟ್ಟಿಯಾಗುತ್ತದೆ, ಎಷ್ಟು ಸೆಕೆಂಡ್ ಇರುತ್ತದೆ ಅಂತ. ನೋವು ಇಳಿದ ಕೂಡಲೇ ಡಾಪ್ಲರ್ ಅನ್ನುವ ಸಣ್ಣ ಯಂತ್ರ ಇಟ್ಟು ಮಗುವಿನ ಬಡಿತ ಕೇಳುತ್ತಾರೆ. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿ. ಕಾಲು ಗಂಟೆ, ಅರ್ಧ ಗಂಟೆಗೊಮ್ಮೆ ಹೀಗೆ, ಮುಕ್ಕುವ ಹೊತ್ತಿನಲ್ಲಿ ಐದು ನಿಮಿಷಕ್ಕೊಮ್ಮೆ. ನಿಮ್ಮ ಆ ಬಳ್ಳಿಯ ಸುತ್ತಿಗೆ ಕಾವಲು ಇರುವುದು ಇಲ್ಲೇ. ಬಡಿತ ಕೇಳದೆ ತುಂಬಾ ಹೊತ್ತಾಯಿತು ಅನ್ನಿಸಿದರೆ ಜೊತೆಯವರು ಹೋಗಿ ಕರೆಯಲಿ.

ನೋವಿನ ಡ್ರಿಪ್ ಅಂತ ಹಾಕುವುದು ಆಕ್ಸಿಟೋಸಿನ್. ನೋವು ಕಡಿಮೆಯಾದಾಗ ಹನಿ ಎಣಿಸಿ ಕೊಟ್ಟರೆ ಒಳ್ಳೆ ಔಷಧಿ, ಜಾಸ್ತಿಯಾದರೆ ಗರ್ಭಕೋಶ ಬಿಡುವಿಲ್ಲದೆ ಹಿಂಡಿ ಮಗುವಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ಊರಿನಲ್ಲಿ ಯಾರಾದರೂ ಮಗು ಹುಟ್ಟುವ ಮೊದಲು "ನೋವು ಬರೋಕೆ ಒಂದು ಇಂಜೆಕ್ಷನ್" ಅಂತ ಚುಚ್ಚಲು ಬಂದರೆ ಖಂಡಿತ ಬೇಡ ಅನ್ನಿ, ಅದರಿಂದ ಗರ್ಭಕೋಶ ಒಡೆದು ಹೋಗಬಹುದು.

ದೊಡ್ಡಪ್ಪನ ಮಗಳಿಗೆ ಆದದ್ದು ತಪ್ಪು, ಅದಕ್ಕೆ ಸಮಜಾಯಿಷಿ ಇಲ್ಲ. ನೋವಿನಲ್ಲಿ ಕೂಗುವುದು ಯಾರ ಅಪರಾಧವೂ ಅಲ್ಲ. ಕೊಯ್ದು ದಾರಿ ಅಗಲ ಮಾಡುವುದು ಮೊದಲೆಲ್ಲ ಚೊಚ್ಚಲಿನ ಎಲ್ಲರಿಗೂ ಮಾಡುತ್ತಿದ್ದರು, ಈಗ ಹಾಗೆ ಮಾಡಬಾರದು. ಮಗುವನ್ನು ಬೇಗ ತೆಗೆಯಬೇಕಾದಾಗ, ಫೋರ್ಸೆಪ್ಸ್ (ಮಗುವಿನ ತಲೆ ಹಿಡಿದು ತೆಗೆಯುವ ಇಕ್ಕಳ) ಹಾಕುವಾಗ ಬೇಕಾಗಬಹುದು, ಆಗಲೂ ಹೇಳಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡಬೇಕು. ಹೊಟ್ಟೆಯ ಮೇಲೆ ಕೈಯೂರಿ ಒತ್ತಿ ಮಗುವನ್ನು ತಳ್ಳುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ, ಅದೂ ಬೇಡ. ದಾಖಲಾಗುವಾಗಲೇ ಡಾಕ್ಟರಿಗೂ ಸಿಸ್ಟರಿಗೂ ಹೇಳಿಬಿಡಿ: "ಏನು ಮಾಡಿದರೂ ಮೊದಲು ನನಗೆ ಹೇಳಿ ಮಾಡಿ." ಜಗಳದ ದನಿ ಬೇಡ, ಸಾದಾ ಮಾತಿನಲ್ಲಿ. ಹೆಚ್ಚಿನವರು ಅದಕ್ಕೆ ಬೆಲೆ ಕೊಡುತ್ತಾರೆ.

ಬೆನ್ನಿನ ಇಂಜೆಕ್ಷನ್ನಿನಿಂದ ಜೀವನಪೂರ್ತಿ ಬೆನ್ನುನೋವು ಬರುವುದಿಲ್ಲ. ಚುಚ್ಚಿದ ಜಾಗ ಒಂದೆರಡು ದಿನ ನೋಯುತ್ತದೆ, ಅಷ್ಟೇ. ಆಮೇಲೆ ಬರುವ ಬೆನ್ನುನೋವು ಇಂಜೆಕ್ಷನ್ ತಗೊಳ್ಳದವರಿಗೂ ಬರುತ್ತದೆ: ಒಂಬತ್ತು ತಿಂಗಳು ಹೊಟ್ಟೆ ಹೊತ್ತ ಸೊಂಟ, ಬಗ್ಗಿ ಕೂತು ಹಾಲು ಕುಡಿಸುವುದು, ಮಗು ಎತ್ತುವುದು. ನಿಜವಾದ ತೊಂದರೆಗಳು ಬೇರೆ ಇವೆ. ಬಿ.ಪಿ. ಇಳಿಯಬಹುದು, ನೂರರಲ್ಲಿ ಒಬ್ಬರಿಗೆ ಎದ್ದು ಕೂತರೆ ತಲೆನೋವು ಬರಬಹುದು, ಮುಕ್ಕುವ ಹೊತ್ತು ಸ್ವಲ್ಪ ಉದ್ದವಾಗಬಹುದು. ಹೆರಿಗೆ ನೋವು ತಡೆಯಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಸಿಗುವುದು ಅರಿವಳಿಕೆ ಡಾಕ್ಟರ್ ಸದಾ ಇರುವ ದೊಡ್ಡ ಆಸ್ಪತ್ರೆಗಳಲ್ಲಿ, ತಾಲ್ಲೂಕು ಮಟ್ಟದಲ್ಲಿ ಸಾಮಾನ್ಯವಾಗಿ ಇಲ್ಲ. ಅದು ಬೇಕೇ ಬೇಕು ಅನ್ನುವುದಾದರೆ ಜಾಗ ಆರಿಸುವಾಗಲೇ ಯೋಚಿಸಿ. ಬೇಕು ಅನ್ನುವುದರಲ್ಲಿ ನಾಚಿಕೆ ಏನೂ ಇಲ್ಲ.

ಮನೆಯವರು ಇರಬಹುದಾ ಅಂತ ಕೇಳಿದ್ದೀರಿ. 2016ರಲ್ಲೇ ಕೇಂದ್ರ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆಗೆ ಒಬ್ಬ ಹೆಂಗಸು ಇರಲು ಒಪ್ಪಿದೆ, ಅಮ್ಮನೋ ಅಕ್ಕನೋ ಆಗಬಹುದು. ಒಂದೇ ಕೋಣೆಯಲ್ಲಿ ನಾಲ್ಕು ಟೇಬಲ್ ಇರುವ ಕಡೆ ಗಂಡಸರನ್ನು ಬಿಡುವುದು ಕಷ್ಟ, ಬೇರೆ ಹೆಂಗಸರೂ ಇರುತ್ತಾರಲ್ಲ. ಬೇರೆ ಕೋಣೆ ಇರುವ ಖಾಸಗಿ ಆಸ್ಪತ್ರೆಗಳಲ್ಲಿ ಗಂಡನನ್ನು ಬಿಡುತ್ತಾರೆ, ಮೊದಲೇ ಕೇಳಿಟ್ಟುಕೊಳ್ಳಿ. ಒಳಗೆ ಬರುವವರು ಧೈರ್ಯ ಇರುವವರಾಗಿರಲಿ. ಜೊತೆಗೆ ಅಳುತ್ತಾ ಕೂರುವವರು ಬೇಡ. ಒಬ್ಬರು ಪಕ್ಕದಲ್ಲಿದ್ದರೆ ಹೆರಿಗೆಯೂ ಸಲೀಸು, ಸಿಬ್ಬಂದಿಯ ದನಿಯೂ ತಗ್ಗುತ್ತದೆ.

ಒಳಗೆ ಬಿಟ್ಟರೂ ಬಿಡದಿದ್ದರೂ ನಿಮ್ಮ ಮನೆಯವರಿಗೆ ಒಂದು ಕೆಲಸ ಇದೆ, ಈ ಭಾಗ ಅವರಿಗೂ ಓದಿಸಿ. ಮಗು ಹುಟ್ಟಿದ ಕೂಡಲೇ ನಿಮ್ಮ ಎದೆಯ ಮೇಲೆ ಹಾಕುತ್ತಾರೆ, ರಕ್ತ ಜಾಸ್ತಿ ಹೋಗದ ಹಾಗೆ ನಿಮ್ಮ ತೊಡೆಗೆ ಒಂದು ಇಂಜೆಕ್ಷನ್ ಕೊಡುತ್ತಾರೆ, ಒಂದು ನಿಮಿಷವಾದರೂ ಬಿಟ್ಟು ಬಳ್ಳಿ ಕತ್ತರಿಸುತ್ತಾರೆ, ಅರ್ಧ ಗಂಟೆಯೊಳಗೆ ಮಾಸು ಬೀಳುತ್ತದೆ. ಆಮೇಲೆ ಬಂಧುಗಳೆಲ್ಲ ಮಗುವಿನ ಹಿಂದೆ ಹೋಗುತ್ತಾರೆ. ಫೋಟೋ, ಫೋನ್, ಸಿಹಿ. ತಾಯಿ ಒಬ್ಬಳೇ ಟೇಬಲ್ ಮೇಲೆ. ಅವಳಿಗೆ ಅತಿ ಅಪಾಯದ ಸಮಯ ಆ ಎರಡು ಗಂಟೆಯೇ. ಗರ್ಭಕೋಶ ಕಲ್ಲಿನ ಹಾಗೆ ಗಟ್ಟಿಯಾಗಿರಬೇಕು, ಮೆತ್ತಗಾದರೆ ರಕ್ತ ನಿಲ್ಲುವುದಿಲ್ಲ, ಅದಕ್ಕೇ ಸಿಸ್ಟರ್ ಕಾಲು ಗಂಟೆಗೊಮ್ಮೆ ಹೊಟ್ಟೆ ಅಮುಕಿ ನೋಡುವುದು. ನೋಯುತ್ತದೆ, ಬೇಡ ಅನ್ನಬೇಡಿ. ಪ್ಯಾಡ್ ಬೇಗ ಬೇಗ ನೆನೆಯುತ್ತಿದೆ, ಗಡ್ಡೆ ಹೋಗುತ್ತಿದೆ, ತಲೆ ತಿರುಗುತ್ತಿದೆ, ಬೆವರುತ್ತಿದೆ ಅಂದರೆ ಅದೇ ಕ್ಷಣ ಕೂಗಿ ಕರೆಯಬೇಕು. ಆ ಎರಡು ಗಂಟೆ ನಿಮ್ಮ ಪಕ್ಕ ಬಿಟ್ಟು ಹೋಗದ ಒಬ್ಬರನ್ನು ಈಗಲೇ ಗೊತ್ತುಮಾಡಿ. ರಕ್ತ ಕೊಡಬಲ್ಲ ಇಬ್ಬರು ಫೋನಿಗೆ ಸಿಗುವ ಹಾಗಿರಲಿ, ಅದನ್ನು ನಿಮ್ಮ ಮನೆಯವರೇ ನೋಡಿಕೊಳ್ಳಲಿ.

ಮಗುವಿಗೆ ಒಂದು ಗಂಟೆಯೊಳಗೆ ನಿಮ್ಮ ಹಾಲು, ಸಿಸೇರಿಯನ್ ಆದರೂ ಅಷ್ಟೇ. ಮೊದಲ ಹಳದಿ ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲಬಾರದು, ಕೆಲವೇ ಹನಿ ಬಂದರೂ ಮೊದಲ ದಿನಕ್ಕೆ ಅದು ಸಾಕು. ಜೇನುತುಪ್ಪ, ಸಕ್ಕರೆ ನೀರು, ಕತ್ತೆ ಹಾಲು ಯಾರೇ ತಂದರೂ ಬಾಯಿಗೆ ಹಾಕಬೇಡಿ. ವಿಟಮಿನ್ ಕೆ ಇಂಜೆಕ್ಷನ್, ಬಿ.ಸಿ.ಜಿ., ಪೋಲಿಯೊ ಹನಿ, ಹೆಪಟೈಟಿಸ್ ಬಿ ಲಸಿಕೆ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಿ. ಸ್ನಾನಕ್ಕೆ ಒಂದು ದಿನವಾದರೂ ಕಾಯಿರಿ. ಹೆರಿಗೆ ಸಲೀಸಾಗಿ ಆಯಿತು ಅಂತ ಅದೇ ದಿನ ಮನೆಗೆ ಹೊರಡಬೇಡಿ, 48 ಗಂಟೆ ಇರಿ. ಮನೆಗೆ ಹೋದ ಮೇಲೂ ಜ್ವರ, ವಾಸನೆಯ ಸ್ರಾವ, ಜೋರು ರಕ್ತ, ಒಂದೇ ಕಾಲಿನ ಊತ, ಹಾಲು ಕುಡಿಯದ ಮಗು, ಇವಿಷ್ಟರಲ್ಲಿ ಯಾವುದಿದ್ದರೂ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಆಸ್ಪತ್ರೆಗೆ ವಾಪಸ್ ಬನ್ನಿ. ಬಾಣಂತಿ ಹೊರಗೆ ಬರಬಾರದು ಅಂತ ಅಜ್ಜಿ ತಡೆದರೆ ಈ ಉತ್ತರ ಅವರಿಗೆ ಓದಿ ಹೇಳಿ.